ಜಿಮಿ ಹೆಂಡ್ರಿಕ್ಸ್: ಸ್ಪೀಕರ್ ಪೆಟ್ಟಿಗೆಯಿಂದ ಯುದ್ಧದ ಸದ್ದು ಕೇಳಿಸಿದವನು

1969ರ ಆಗಸ್ಟ್ 18, ಸೋಮವಾರ ಬೆಳಗ್ಗೆ. ನ್ಯೂಯಾರ್ಕ್ ರಾಜ್ಯದ ಬೆಥೆಲ್ ಅನ್ನೋ ಊರಿನ ಹೊರಗಿನ ಒಂದು ಹೈನುಗಾರಿಕೆ ಜಮೀನು. ಮಳೆಗೆ ನೆನೆದ ನೆಲವನ್ನು ಲಕ್ಷಾಂತರ ಕಾಲುಗಳು ತುಳಿದು ಕೆಸರಾಗಿಸಿದ್ದವು. ವುಡ್‌ಸ್ಟಾಕ್ ಸಂಗೀತ ಹಬ್ಬ ಭಾನುವಾರ ರಾತ್ರಿಯೇ ಮುಗಿಯಬೇಕಿತ್ತು. ಕಾರ್ಯಕ್ರಮಗಳು ಒಂದರ ಹಿಂದೆ ಒಂದು ತಡವಾಗಿ ಸೋಮವಾರ ಬೆಳಗಾಗಿತ್ತು. ಸುಮಾರು ನಾಲ್ಕು ಲಕ್ಷ ಜನ ಸೇರಿದ್ದ ಮೈದಾನ ಅಷ್ಟೊತ್ತಿಗೆ ಬಹುಪಾಲು ಖಾಲಿಯಾಗಿತ್ತು. ಕೆಲಸಕ್ಕೆ ಹೋಗಬೇಕಾದವರು ಹೊರಟಾಗಿತ್ತು.

ಆಗ ವೇದಿಕೆಗೆ ಬಂದವನು 26 ವರ್ಷದ ಕಪ್ಪು ಯುವಕ. ಕೈಯಲ್ಲಿ ಬಿಳಿ ಬಣ್ಣದ ಗಿಟಾರ್, ಬೆನ್ನ ಹಿಂದೆ ಮನುಷ್ಯನೆತ್ತರದ ಸ್ಪೀಕರ್ ಪೆಟ್ಟಿಗೆಗಳು. ನುಡಿಸುತ್ತಾ ನುಡಿಸುತ್ತಾ ಆತ ತನ್ನ ದೇಶದ ರಾಷ್ಟ್ರಗೀತೆಗೆ ಬಂದ. ಹಾಡಲಿಲ್ಲ, ಒಂದಕ್ಷರ ಮಾತೂ ಆಡಲಿಲ್ಲ. ರಾಗ ಶುರುವಿನಲ್ಲಿ ಎಲ್ಲರಿಗೂ ಗೊತ್ತಿದ್ದ ಹಾಗೇ ಇತ್ತು. ಆಮೇಲೆ ಅದೇ ಗಿಟಾರಿನಿಂದ ಬಾಂಬ್ ಬಿದ್ದ ಸದ್ದು ಬಂತು. ವಿಮಾನ ಕೆಳಕ್ಕೆರಗುವ ಸದ್ದು, ಯಾರೋ ಚೀರಿದ ಹಾಗಿನ ಸದ್ದು. ನಡುವೆ ಸೈನಿಕರ ಶವಸಂಸ್ಕಾರದಲ್ಲಿ ಊದುವ ಕಹಳೆಯ ಧಾಟಿ. ಆ ಹೊತ್ತಿಗೆ ಸುಮಾರು ಐದು ಲಕ್ಷ ಅಮೆರಿಕನ್ ಸೈನಿಕರು ವಿಯೆಟ್ನಾಂನಲ್ಲಿದ್ದರು. ನಾಲ್ಕು ನಿಮಿಷಕ್ಕೂ ಕಡಿಮೆ ಅವಧಿಯ ಈ ನುಡಿಸಾಟವನ್ನು ಇವತ್ತಿಗೂ ಅಮೆರಿಕದ ಯುದ್ಧವಿರೋಧಿ ಚಳವಳಿಯ ಜೊತೆಗೇ ನೆನೆಯುತ್ತಾರೆ.

ಜಿಮಿ ಹೆಂಡ್ರಿಕ್ಸ್ ಬಗ್ಗೆ ಮಾತಾಡುವಾಗ ನಾವು ಅವನ ಬೆರಳುಗಳ ಬಗ್ಗೆ ಮಾತಾಡ್ತೀವಿ. ಗಿಟಾರಿಗೆ ಬೆಂಕಿ ಹಚ್ಚಿದ್ದು, ಹಲ್ಲಿನಲ್ಲಿ ನುಡಿಸಿದ್ದು, 27ಕ್ಕೇ ಸತ್ತಿದ್ದು, ಇವೆಲ್ಲ ಟಿ-ಶರ್ಟ್ ಮೇಲೂ ಬಂದಿವೆ. ಆದರೆ ಬೆರಳಿಗೂ ನಮ್ಮ ಕಿವಿಗೂ ನಡುವೆ ಇನ್ನೊಂದು ವಾದ್ಯವಿತ್ತು. ವಾಲ್ವ್, ಟ್ರಾನ್ಸ್‌ಫಾರ್ಮರ್, ವಯರು, ಕಾಗದದ ಕೋನ್ ಇರುವ ಸ್ಪೀಕರ್, ಪ್ಲೈವುಡ್ ಪೆಟ್ಟಿಗೆ. ಅದನ್ನು ಅರ್ಥ ಮಾಡಿಕೊಳ್ಳದೆ ವುಡ್‌ಸ್ಟಾಕಿನ ಆ ಬೆಳಗ್ಗೆ ಏನಾಯಿತು ಅನ್ನೋದು ಪೂರ್ತಿ ಅರ್ಥವಾಗುವುದಿಲ್ಲ.

ಪೊರಕೆಯಿಂದ ಶುರು

1942ರ ನವೆಂಬರ್ 27ರಂದು ಸಿಯಾಟಲ್‌ನಲ್ಲಿ ಹುಟ್ಟಿದಾಗ ಅವನ ಹೆಸರು ಜಾನಿ ಅಲೆನ್ ಹೆಂಡ್ರಿಕ್ಸ್. ಅಮ್ಮ ಲೂಸಿಲ್‌ಗೆ ಆಗ 17 ವರ್ಷ. ಅಪ್ಪ ಆಲ್ ಸೈನ್ಯದಲ್ಲಿದ್ದ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಪ್ಪ 1946ರಲ್ಲಿ ಮಗನ ಹೆಸರು ಬದಲಿಸಿ ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್ ಅಂತ ಇಟ್ಟ. ಆ ನಡುವಿನ ಹೆಸರು ಮುಂದೆ ಇನ್ನೊಂದು ರೂಪದಲ್ಲಿ ಅವನ ಬೆನ್ನ ಹಿಂದೆ ನಿಲ್ಲಲಿತ್ತು.

ಬಡತನ, ಕುಡಿತ, ಜಗಳದ ಮನೆ. ಅಪ್ಪ ಅಮ್ಮ ಬೇರೆಯಾದರು. ಅಮ್ಮ 1958ರಲ್ಲಿ ತೀರಿಕೊಂಡಳು. ಹುಡುಗ ಪೊರಕೆಯನ್ನೇ ಗಿಟಾರ್ ಅಂದುಕೊಂಡು ನುಡಿಸುತ್ತಿದ್ದ. ಕಸದಲ್ಲಿ ಸಿಕ್ಕ ಒಂದೇ ತಂತಿಯ ಯುಕುಲೇಲಿಯ ಮೇಲೆ ರೇಡಿಯೋದ ಹಾಡುಗಳನ್ನು ಹುಡುಕುತ್ತಿದ್ದ. ಐದು ಡಾಲರಿಗೆ ಒಂದು ಹಳೆಯ ಗಿಟಾರ್ ಬಂತು. 1959ರಲ್ಲಿ ಅಪ್ಪ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ. ಎಡಗೈ ಹುಡುಗ ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿಗಳನ್ನು ಅದಲು ಬದಲು ಕಟ್ಟಿ ನುಡಿಸೋದು ಕಲಿತ.

ಕದ್ದ ಕಾರುಗಳಲ್ಲಿ ಸಿಕ್ಕಿಬಿದ್ದಾಗ ಅವನ ಮುಂದಿದ್ದದ್ದು ಎರಡೇ ದಾರಿ, ಜೈಲು ಅಥವಾ ಸೈನ್ಯ. 1961ರ ಮೇ ಕೊನೆಯಲ್ಲಿ ಸೈನ್ಯ ಸೇರಿ, ಪ್ಯಾರಾಚೂಟ್ ಪಡೆಯಾದ 101ನೇ ಏರ್‌ಬೋರ್ನ್ ಡಿವಿಷನ್‌ನಲ್ಲಿ ವಿಮಾನದಿಂದ ಹಾರುವುದನ್ನು ಕಲಿತ. ಗಾಳಿ ಸೀಳುವ ಸದ್ದು, ಎಂಜಿನ್ನಿನ ಗರ್ಜನೆ ಅವನಿಗೆ ಸಿನಿಮಾದಲ್ಲಿ ನೋಡಿದ ಸಂಗತಿಗಳಾಗಿರಲಿಲ್ಲ. ಮುಂದೆ ಅವನ ಜೊತೆ ಬೇಸ್ ನುಡಿಸಿದ ಬಿಲ್ಲಿ ಕಾಕ್ಸ್ ಸಿಕ್ಕಿದ್ದೂ ಅಲ್ಲೇ. ಸಿಪಾಯಿಗಿರಿ ಅವನಿಗೆ ಒಗ್ಗಲಿಲ್ಲ. 1962ರಲ್ಲಿ ಬಿಡುಗಡೆಯಾಯಿತು. ಮೂರು ವರ್ಷದ ನಂತರ ಅದೇ ಡಿವಿಷನ್ನಿನ ತುಕಡಿಗಳು ವಿಯೆಟ್ನಾಂಗೆ ಹೋದವು. ಜೊತೆಗಿದ್ದವರು ಹೋದರು, ಆತ ಉಳಿದ.

ಹರಿದ ಸ್ಪೀಕರುಗಳ ಚರಿತ್ರೆ

ಸೈನ್ಯದಿಂದ ಬಂದ ಮೇಲೆ ಹೊಟ್ಟೆಪಾಡು ನಡೆದದ್ದು ಚಿಟ್ಲಿನ್ ಸರ್ಕ್ಯೂಟ್‌ನಲ್ಲಿ. ಜನಾಂಗ ಪ್ರತ್ಯೇಕತೆಯ ಅಮೆರಿಕದಲ್ಲಿ ಕಪ್ಪು ಕಲಾವಿದರು ನಿರ್ಭಯವಾಗಿ ನುಡಿಸಬಹುದಾಗಿದ್ದ ಕ್ಲಬ್ಬು, ಥಿಯೇಟರುಗಳ ಜಾಲ ಅದು. ಐಸ್ಲಿ ಬ್ರದರ್ಸ್, ಲಿಟ್ಲ್ ರಿಚರ್ಡ್ ಮುಂತಾದವರ ಹಿಂದೆ ನಿಂತು ಹೆಂಡ್ರಿಕ್ಸ್ ನುಡಿಸಿದ. ಮುಖ್ಯ ಗಾಯಕನಿಗಿಂತ ಹೆಚ್ಚು ಮಿಂಚಬಾರದು, ಹೇಳಿದಷ್ಟು ನುಡಿಸಬೇಕು. ಬೈಸಿಕೊಂಡ, ದಂಡ ಕಟ್ಟಿದ, ಕೆಲಸ ಕಳಕೊಂಡ.

ಎಲೆಕ್ಟ್ರಿಕ್ ಗಿಟಾರಿನ ಒರಟು ದನಿಯ ಬೇರು ಈ ಲೋಕದಲ್ಲಿದೆ. ಆಂಪ್ಲಿಫೈಯರ್ ಮಾಡುತ್ತಿದ್ದ ಎಂಜಿನಿಯರುಗಳಿಗೆ ಬೇಕಿದ್ದದ್ದು ಶುದ್ಧ ದನಿ. ಗಿಟಾರ್ ಹೇಗಿದೆಯೋ ಹಾಗೇ ಜೋರಾಗಿ ಕೇಳಬೇಕು, ಸದ್ದು ಒಡೆದರೆ ಅದು ದೋಷ. ಆದರೆ ಸಣ್ಣ ಕ್ಲಬ್ಬುಗಳಲ್ಲಿ, ಅಗ್ಗದ ಆಂಪನ್ನು ಕೊನೆಯವರೆಗೆ ತಿರುಗಿಸಿ, ಕುಡಿದ ಜನರ ಗಲಾಟೆಯ ಮೇಲೆ ಕೇಳಿಸಬೇಕಾದ ಬ್ಲೂಸ್ ವಾದಕರಿಗೆ ಒಡೆದ ಸದ್ದೇ ಸಹಜ ಸದ್ದಾಯಿತು. 1951ರಲ್ಲಿ ಐಕ್ ಟರ್ನರ್ ತಂಡ ರೆಕಾರ್ಡ್ ಮಾಡಿದ ‘ರಾಕೆಟ್ 88’ ಹಾಡಿನ ಗಿಟಾರ್ ಗುರ್ರೆನ್ನುವುದಕ್ಕೆ, ಪ್ರಯಾಣದಲ್ಲಿ ಕೆಟ್ಟ ಆಂಪಿನ ಸ್ಪೀಕರಿಗೆ ಕಾಗದ ತುರುಕಿದ್ದೇ ಕಾರಣ ಅಂತ ಕತೆ ಹೇಳ್ತಾರೆ. ಶಾನೀ ಬುಡಕಟ್ಟಿನ ಮೂಲದ ಲಿಂಕ್ ರೇ ತನ್ನ ಆಂಪಿನ ಸ್ಪೀಕರಿಗೆ ತಾನೇ ತೂತು ಹೊಡೆದ. ಅವನ 1958ರ ‘ರಂಬಲ್’ನಲ್ಲಿ ಮಾತೇ ಇರಲಿಲ್ಲ. ಆದರೂ ಹುಡುಗರನ್ನು ಬೀದಿ ಜಗಳಕ್ಕೆ ಎಬ್ಬಿಸುತ್ತೆ ಅಂತ ಹೆದರಿ ಕೆಲವು ರೇಡಿಯೋ ಕೇಂದ್ರಗಳು ಅದನ್ನು ನಿಷೇಧಿಸಿದವು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರ್ ಕೋನ್ ಕೊಯ್ದ.

ಯಾವುದು ಸಂಗೀತ, ಯಾವುದು ಗದ್ದಲ ಅಂತ ತೀರ್ಮಾನಿಸುವ ಹಕ್ಕು ಯಾರದ್ದು? ಹೆಂಡ್ರಿಕ್ಸ್ ಬರುವ ಮೊದಲೇ ಈ ಪ್ರಶ್ನೆಯನ್ನು ಹರಿದ ಸ್ಪೀಕರುಗಳು ಕೇಳಿಯಾಗಿತ್ತು.

ಇಬ್ಬರು ಜೇಮ್ಸ್ ಮಾರ್ಷಲ್

1966ರಲ್ಲಿ ಹೆಂಡ್ರಿಕ್ಸ್ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನಲ್ಲಿ ತನ್ನದೇ ತಂಡ ಕಟ್ಟಿಕೊಂಡು ಚಿಲ್ಲರೆ ಕಾಸಿಗೆ ನುಡಿಸುತ್ತಿದ್ದ. ಆನಿಮಲ್ಸ್ ತಂಡದ ಚಾಸ್ ಚಾಂಡ್ಲರ್ ಅಲ್ಲಿ ಅವನನ್ನು ಕೇಳಿ, ಅದೇ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಕರೆದುಕೊಂಡು ಹೋದ. ನೋಯಲ್ ರೆಡ್ಡಿಂಗ್ ಬೇಸಿಗೆ, ಮಿಚ್ ಮಿಚೆಲ್ ಡ್ರಮ್ಮಿಗೆ ಸೇರಿ ‘ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯನ್ಸ್’ ಹುಟ್ಟಿತು.

ಈ ಮಿಚ್ ಮಿಚೆಲ್ ಹಿಂದೆ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನ ಒಂದು ವಾದ್ಯಗಳ ಅಂಗಡಿಯಲ್ಲಿ ಕೆಲಸ ಮಾಡಿದ್ದ ಹುಡುಗ. ಅಂಗಡಿಯ ಮಾಲೀಕ ಜಿಮ್ ಮಾರ್ಷಲ್, ಸ್ವತಃ ಡ್ರಮ್ ಮೇಷ್ಟ್ರು. ಪೂರ್ತಿ ಹೆಸರು ಜೇಮ್ಸ್ ಚಾರ್ಲ್ಸ್ ಮಾರ್ಷಲ್. ಅಮೆರಿಕದಿಂದ ಬರುವ ಫೆಂಡರ್ ಆಂಪುಗಳು ಇಂಗ್ಲೆಂಡಿನ ಹುಡುಗರ ಕೈಗೆಟುಕದಷ್ಟು ದುಬಾರಿ. ಜೋರಾದ, ಅಗ್ಗದ ಆಂಪ್ ಬೇಕು ಅಂತ ಅಂಗಡಿಗೆ ಬರುತ್ತಿದ್ದ ಹುಡುಗರು ಪೀಡಿಸುತ್ತಿದ್ದರು. 1962ರಲ್ಲಿ ಮಾರ್ಷಲ್ ಮತ್ತು ಜೊತೆಗಾರರು ಫೆಂಡರ್ ಬ್ಯಾಸ್‌ಮನ್ ಆಂಪಿನ ಸರ್ಕ್ಯೂಟನ್ನು ಹೆಚ್ಚುಕಡಿಮೆ ನಕಲು ಮಾಡಿ ತಮ್ಮ ಮೊದಲ ಆಂಪ್ ಕಟ್ಟಿದರು.

ನಕಲೇನೋ ಹೌದು, ದನಿ ಮಾತ್ರ ಬೇರೆಯಾಯಿತು. ಯಾಕೆ? ಮೊದಲ ವಾಲ್ವು ಬೇರೆ, ಅದು ಸಂಕೇತವನ್ನು ಹೆಚ್ಚು ಹಿಗ್ಗಿಸುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇಂಗ್ಲೆಂಡಿನದ್ದು. ಎಲ್ಲಕ್ಕಿಂತ ಮುಖ್ಯವಾಗಿ ಸ್ಪೀಕರ್ ಬೇರೆ. ಫೆಂಡರ್‌ನಲ್ಲಿ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ 10 ಇಂಚಿನ ನಾಲ್ಕು ಜೆನ್ಸನ್ ಸ್ಪೀಕರುಗಳಿದ್ದವು. ಮಾರ್ಷಲ್ ಹಾಕಿದ್ದು ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಸೆಲೆಸ್ಟಿಯನ್‌ಗಳನ್ನು. ಒಂದೊಂದು ಸ್ಪೀಕರಿಗೆ ತಡೆಯುವ ಶಕ್ತಿ ಕಡಿಮೆ, ಹಾಗಾಗಿ ಭಾರವನ್ನು ನಾಲ್ಕಕ್ಕೆ ಹಂಚಿದ್ದು. ಹಿಂಬದಿ ತೆರೆದಿದ್ದರೆ ಸದ್ದು ಕೋಣೆ ತುಂಬಾ ಹರಡುತ್ತೆ. ಮುಚ್ಚಿದರೆ ಒಳಗಿನ ಗಾಳಿ ಕೋನಿಗೆ ಸ್ಪ್ರಿಂಗಿನಂತೆ ಒತ್ತು ಕೊಡುತ್ತೆ, ಸದ್ದು ಬಿಗಿಯಾಗಿ, ಎದೆಗೆ ಗುದ್ದಿದ ಹಾಗೆ ಮುಂದಕ್ಕೆ ನುಗ್ಗುತ್ತೆ.

ದಿ ಹೂ ತಂಡದ ಪೀಟ್ ಟೌನ್ಸೆಂಡ್‌ಗೆ ಅದೂ ಸಾಲದಾಗಿ ಎಂಟು ಸ್ಪೀಕರಿನ ಪೆಟ್ಟಿಗೆ ಬೇಕಾಯಿತು. ಹೊರುವವರ ಸೊಂಟ ಮುರಿಯುವಷ್ಟು ಭಾರವಾದಾಗ ಅದನ್ನು ಎರಡು ಭಾಗ ಮಾಡಿ ಒಂದರ ಮೇಲೊಂದು ಇಟ್ಟರು. ರಾಕ್ ವೇದಿಕೆಗಳ ಗುರುತಾದ ‘ಮಾರ್ಷಲ್ ಸ್ಟಾಕ್’ ಬಂದದ್ದು ಹೀಗೆ. 100 ವ್ಯಾಟಿನ ಆಂಪ್, ಕೆಳಗೆ ಎರಡು ಪೆಟ್ಟಿಗೆ, ಒಟ್ಟು ಎಂಟು ಸ್ಪೀಕರ್.

1966ರ ಶರತ್ಕಾಲದಲ್ಲಿ ಮಿಚೆಲ್ ಮೂಲಕ ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್, ಜೇಮ್ಸ್ ಚಾರ್ಲ್ಸ್ ಮಾರ್ಷಲ್‌ನನ್ನು ಭೇಟಿಯಾದ. ಪುಕ್ಕಟೆ ಕೇಳುವ ಗಿರಾಕಿ ಇರಬೇಕು ಅಂದುಕೊಂಡಿದ್ದ ಮಾರ್ಷಲ್‌ಗೆ, ಪೂರ್ತಿ ಬೆಲೆ ಕೊಟ್ಟೇ ತಗೊಳ್ತೀನಿ, ರಿಪೇರಿಗೆ ಮಾತ್ರ ನೆರವು ಬೇಕು ಅಂದವನನ್ನು ನೋಡಿ ಆಶ್ಚರ್ಯವಾಯಿತು.

ಸ್ಪೀಕರ್ ಏನು ಮಾಡುತ್ತೆ?

ಇಲ್ಲಿ ಸ್ವಲ್ಪ ಹೈಸ್ಕೂಲ್ ವಿಜ್ಞಾನ ನೆನಪಿಸಿಕೊಳ್ಳೋಣ. ಗಿಟಾರಿನ ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳ್ಳಗಿನ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಸಂಕೇತ ಹುಟ್ಟುತ್ತೆ. ಆಂಪ್ ಅದನ್ನು ಹಿಗ್ಗಿಸುತ್ತೆ. ಸ್ಪೀಕರ್ ಇದರ ಉಲ್ಟಾ ಕೆಲಸ ಮಾಡುತ್ತೆ. ಆಯಸ್ಕಾಂತದ ನಡುವಿನ ಸುರುಳಿಗೆ ವಿದ್ಯುತ್ ಹರಿಸಿದರೆ ಅದು ಹಿಂದೆ ಮುಂದೆ ಆಡುತ್ತೆ, ಅಂಟಿಕೊಂಡ ಕಾಗದದ ಕೋನ್ ಗಾಳಿಯನ್ನು ತಳ್ಳುತ್ತೆ.

ವಾಲ್ವುಗಳನ್ನು ಮಿತಿ ಮೀರಿ ದುಡಿಸಿದರೆ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಹಾಗೆ ಕತ್ತರಿಸಿಕೊಂಡ ಅಲೆಯಲ್ಲಿ ಮೂಲ ಸ್ವರದ ಜೊತೆ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನದ ಹೊಸ ಸ್ವರಗಳು ಹುಟ್ಟುತ್ತವೆ. ಡಿಸ್ಟಾರ್ಷನ್ ಅನ್ನೋದು ಇದನ್ನೇ. ಇದನ್ನು ಮನೆಯ ಹೈಫೈ ಸ್ಪೀಕರಿನಲ್ಲಿ ಕೇಳಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗಿರುತ್ತೆ. ಗಿಟಾರಿನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲುತ್ತೆ. ಆ ಅಸಾಮರ್ಥ್ಯವೇ ವರ. ಕಿರಿಕಿರಿಯ ಭಾಗ ಸೋಸಿಹೋಗಿ ಗುರ್ರೆನ್ನುವ, ಹಾಡುವ ಭಾಗ ಉಳಿಯುತ್ತೆ.

ಇನ್ನು ಜೋಡಣೆ. ಪೆಟ್ಟಿಗೆಯಲ್ಲಿ 16 ಓಮಿನ ನಾಲ್ಕು ಸ್ಪೀಕರುಗಳಿವೆ ಅಂದುಕೊಳ್ಳಿ. ನಾಲ್ಕನ್ನೂ ಸರಣಿಯಲ್ಲಿ ಜೋಡಿಸಿದರೆ 64 ಓಮ್. ನಾಲ್ಕನ್ನೂ ಸಮಾಂತರವಾಗಿ ಜೋಡಿಸಿದರೆ 4. ಎರಡೆರಡನ್ನು ಸರಣಿಯಲ್ಲಿ ಸೇರಿಸಿ 32ರ ಎರಡು ಜೋಡಿ ಮಾಡಿ, ಆ ಜೋಡಿಗಳನ್ನು ಸಮಾಂತರವಾಗಿ ಕೂಡಿಸಿದರೆ ಮತ್ತೆ 16. ಅಂತಹ ಎರಡು ಪೆಟ್ಟಿಗೆಗಳನ್ನು ಒಂದೇ ಆಂಪಿಗೆ ಸಮಾಂತರವಾಗಿ ಸೇರಿಸಿದರೆ 8 ಓಮ್. ಆಂಪಿನ ಹಿಂದಿರುವ ಸ್ವಿಚ್ಚನ್ನು 8ಕ್ಕೆ ತಿರುಗಿಸಬೇಕು. ವಾಲ್ವುಗಳ ಭಾಷೆ ಬೇರೆ, ಸ್ಪೀಕರಿನ ಭಾಷೆ ಬೇರೆ, ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ದುಭಾಷಿ. ಲೆಕ್ಕ ತಪ್ಪಿದರೆ ಸದ್ದು ಕುಗ್ಗುತ್ತೆ, ವಾಲ್ವು ಸುಡುತ್ತೆ. ಸ್ಪೀಕರ್ ಜೋಡಿಸದೇ ವಾಲ್ವ್ ಆಂಪನ್ನು ಜೋರಾಗಿ ನುಡಿಸಿದರಂತೂ ಟ್ರಾನ್ಸ್‌ಫಾರ್ಮರೇ ಹೋಗಬಹುದು. ಅದೇ ರೀತಿ, ನಾಲ್ಕರಲ್ಲಿ ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲು ಬದಲಾದರೂ ಸಾಕು, ಮೂರು ಕೋನ್ ಮುಂದೆ ತಳ್ಳುವಾಗ ಅದೊಂದು ಹಿಂದೆ ಎಳೆಯುತ್ತೆ. ಮಂದ್ರ ಸ್ವರಗಳು ಒಂದನ್ನೊಂದು ತಿಂದುಹಾಕಿ ದನಿ ಸೊರಗುತ್ತೆ.

ಓಮ್ ಅನ್ನೋದು ಒಂದು ಸ್ಥಿರ ಸಂಖ್ಯೆಯೂ ಅಲ್ಲ. 16 ಅಂತ ಬರೆದ ಸ್ಪೀಕರಿನ ತಡೆ ಕೆಳಗಿನ ಒಂದು ಸ್ವರದ ಹತ್ತಿರ ದಿಢೀರ್ ಏರುತ್ತೆ, ಮೇಲಿನ ಸ್ವರಗಳಿಗೆ ಹೋದ ಹಾಗೆ ಮತ್ತೆ ಏರುತ್ತೆ. ವಾಲ್ವ್ ಆಂಪ್ ಈ ಏರಿಳಿತಕ್ಕೆ ತಕ್ಕ ಹಾಗೆ ಬಾಗುತ್ತೆ. ಅದಕ್ಕೇ ಒಂದೇ ಆಂಪ್, ಒಂದೇ ಗಿಟಾರ್, ಒಂದೇ ಕೈ ಇದ್ದರೂ ಸ್ಪೀಕರ್ ಬದಲಾದರೆ ವಾದ್ಯವೇ ಬದಲಾದ ಹಾಗೆ ಕೇಳುತ್ತೆ.

ಹೆಂಡ್ರಿಕ್ಸ್‌ಗೆ ಇದು ಅನುಭವದಿಂದಲೇ ಗೊತ್ತಾಯಿತು. 1967ರಲ್ಲಿ ಅಮೆರಿಕದ ಸನ್ ಕಂಪನಿಯ ಜೊತೆ ಒಪ್ಪಂದವಾಗಿ ಅವರ ಆಂಪುಗಳನ್ನು ಬಳಸಿದ. ಅವುಗಳಲ್ಲಿದ್ದದ್ದು ಜೆಬಿಎಲ್ ಸ್ಪೀಕರುಗಳು. ಗಟ್ಟಿ, ಸ್ವಚ್ಛ, ಎಷ್ಟು ತಳ್ಳಿದರೂ ಒಡೆಯದಂಥವು. ಎಂಜಿನಿಯರನ ಲೆಕ್ಕದಲ್ಲಿ ಉತ್ತಮ ಸ್ಪೀಕರ್. ಅವನಿಗೆ ಬೇಕಿದ್ದ ದನಿಗೆ ಮಾತ್ರ ಕಾಗದ ನಡುಗಬೇಕಿತ್ತು, ಸೋಲಬೇಕಿತ್ತು. ಕೊನೆಗೆ ಮಾರ್ಷಲ್‌ಗೇ ಮರಳಿದ.

ಕೂಗುವ ಸ್ಪೀಕರನ್ನು ಪಳಗಿಸಿದ್ದು

ಸಭೆಯಲ್ಲಿ ಯಾರಾದರೂ ಮೈಕ್ ಹಿಡಿದು ಸ್ಪೀಕರ್ ಮುಂದೆ ಹೋದರೆ ಕುಂಯ್ ಅಂತ ಕಿವಿ ಸೀಳುತ್ತಲ್ಲ, ಅದೇ ಫೀಡ್‌ಬ್ಯಾಕ್. ಎಲ್ಲರೂ ಕಿವಿ ಮುಚ್ಚಿಕೊಳ್ತಾರೆ, ಮೈಕ್‌ಸೆಟ್‌ನವನು ಓಡಿ ಬರ್ತಾನೆ. ಗಿಟಾರಿನಲ್ಲಿ ಆಗೋದು ಅದರ ಸೋದರಿ. ಸ್ಪೀಕರಿನ ಸದ್ದು ಗಾಳಿಯಲ್ಲಿ ಬಂದು ಗಿಟಾರಿನ ತಂತಿಯನ್ನೇ ಅಲುಗಿಸುತ್ತೆ. ಅದು ಮತ್ತೆ ಪಿಕಪ್ಪಿಗೆ, ಆಂಪಿಗೆ, ಸ್ಪೀಕರಿಗೆ. ಈ ಸುತ್ತು ನಿಲ್ಲದಿದ್ದರೆ ಸ್ವರ ಸಾಯುವುದೇ ಇಲ್ಲ.

ಹೆಂಡ್ರಿಕ್ಸ್ ಇದನ್ನು ಓಡಿಸಲಿಲ್ಲ, ಪಳಗಿಸಿದ. ಪೆಟ್ಟಿಗೆಯಿಂದ ಎಷ್ಟು ದೂರ ನಿಂತರೆ, ಗಿಟಾರನ್ನು ಯಾವ ಕೋನಕ್ಕೆ ತಿರುಗಿಸಿದರೆ ಯಾವ ಸ್ವರ ಕೂಗುತ್ತೆ ಅನ್ನೋದು ಅವನ ಮೈಗೇ ಗೊತ್ತಿತ್ತು. ವೇದಿಕೆ ಮೇಲಿನ ಅವನ ಓಡಾಟವನ್ನು ಬರೀ ಶೋಕಿ ಅಂದುಕೊಳ್ಳಬೇಡಿ. ಒಂದು ಹೆಜ್ಜೆ ಹಿಂದಿಟ್ಟರೆ ಸ್ವರ ಒಂದು ಮೆಟ್ಟಿಲು ಹಾರುತ್ತಿತ್ತು.

ಇದಕ್ಕೆ ಆಂಪ್ ಪೂರ್ತಿ ತೆರೆದಿರಬೇಕು. ಮಾರ್ಷಲ್ ಆಂಪಿನ ಮುಂದೆ ನಾಲ್ಕು ತೂತುಗಳು, ಎರಡು ಚಾನೆಲ್. ಒಂದು ಚಾನೆಲ್ ತೀಕ್ಷ್ಣ, ಇನ್ನೊಂದು ಮಂದ. ಸಣ್ಣ ವಯರಿನಿಂದ ಎರಡನ್ನೂ ಸೇರಿಸಬಹುದು, ಅಥವಾ ಅಲ್ಲಿಂದ ಇನ್ನೊಂದು ಆಂಪಿಗೆ ಸಂಕೇತ ದಾಟಿಸಬಹುದು. ಹೆಂಡ್ರಿಕ್ಸ್ ಹೀಗೆ ಆಂಪಿನಿಂದ ಆಂಪಿಗೆ ಸರಪಳಿ ಕಟ್ಟುತ್ತಿದ್ದ. ಎಲ್ಲ ಗುಂಡಿಗಳನ್ನೂ ಮೇಲಕ್ಕೇರಿಸಿಟ್ಟು, ಸದ್ದನ್ನು ಗಿಟಾರಿನ ಮೇಲಿನ ವಾಲ್ಯೂಮ್ ಗುಂಡಿಯಿಂದಲೇ ನಿಭಾಯಿಸುತ್ತಿದ್ದ. ಅದನ್ನು ಸ್ವಲ್ಪ ಇಳಿಸಿದರೆ ಗಂಟೆಯಂಥ ಸ್ವಚ್ಛ ಸ್ವರ, ಏರಿಸಿದರೆ ಬೆಂಕಿ. ಕಾಲಡಿಯಲ್ಲಿ ಫಜ್ ಫೇಸ್, ವಾ-ವಾ ಪೆಡಲುಗಳು. ಬ್ರಿಟಿಷ್ ನೌಕಾಪಡೆಯ ಸಂಶೋಧನೆಯಲ್ಲಿ ದುಡಿದಿದ್ದ ರೋಜರ್ ಮೇಯರ್ ಕಟ್ಟಿಕೊಟ್ಟ, ಸ್ವರವನ್ನು ಇಮ್ಮಡಿ ಎತ್ತರಕ್ಕೆ ಹಾರಿಸುವ ಆಕ್ಟೇವಿಯಾ. ಉದ್ದದ ಸುರುಳಿ ಕೇಬಲ್ಲಿನ ಧಾರಕತೆ ಅತಿ ತೀಕ್ಷ್ಣ ಸ್ವರಗಳನ್ನು ದಾರಿಯಲ್ಲೇ ಸ್ವಲ್ಪ ಕುಡಿದುಬಿಡುತ್ತಿತ್ತು. ತಿರುವಿ ಹಿಡಿದ ಗಿಟಾರಿನಲ್ಲಿ ಓರೆಯಾದ ಪಿಕಪ್ ಕೂಡ ಉಲ್ಟಾ ಆಗಿ, ದಪ್ಪ ತಂತಿಗಳು ಚುರುಕಾಗಿ, ತೆಳು ತಂತಿಗಳು ಮೆದುವಾಗಿ ಕೇಳುತ್ತಿದ್ದವು. ಇವೆಲ್ಲ ಕೂಡಿದ್ದೇ ಹೆಂಡ್ರಿಕ್ಸ್ ದನಿ.

ಬೆಲೆಯೂ ಇತ್ತು. ಊರಿಂದ ಊರಿಗೆ ಹೋಗುವಾಗ ವಾಲ್ವುಗಳು ಸುಡುತ್ತಿದ್ದವು, ಕೋನುಗಳು ಹರಿಯುತ್ತಿದ್ದವು. ರಾತ್ರಿ ಆತ ಮುರಿದದ್ದನ್ನು ಮಾರನೇ ದಿನ ಬೆಸುಗೆ ಹಾಕಿ ಎದ್ದು ನಿಲ್ಲಿಸುತ್ತಿದ್ದ ಹುಡುಗರ ಹೆಸರು ಯಾವ ಪೋಸ್ಟರಿನಲ್ಲೂ ಬರಲಿಲ್ಲ.

ಯಾರ ಪರ ಈ ಸದ್ದು?

ಹೆಂಡ್ರಿಕ್ಸ್ ಹುಟ್ಟಾ ಹೋರಾಟಗಾರನಾಗಿರಲಿಲ್ಲ. 1967ರ ಸಂದರ್ಶನಗಳಲ್ಲಿ ಆತ ವಿಯೆಟ್ನಾಂ ಯುದ್ಧವನ್ನು ಸಮರ್ಥಿಸುವ ಮಾತುಗಳನ್ನೂ ಆಡಿದ್ದ, ಮಾಜಿ ಸೈನಿಕನ ಮಾತುಗಳು. ಅವನ ಮುಂದೆ ಕುಣಿಯುತ್ತಿದ್ದವರು ಬಹುಪಾಲು ಬಿಳಿಯ ಯುವಜನ. ಕಪ್ಪು ರೇಡಿಯೋಗಳು ಅವನನ್ನು ಅಷ್ಟಾಗಿ ಹಾಕುತ್ತಿರಲಿಲ್ಲ. ಬ್ಲ್ಯಾಕ್ ಪ್ಯಾಂಥರ್ಸ್ ತಮ್ಮ ಪರ ನಿಲ್ಲುವಂತೆ ಒತ್ತಾಯಿಸಿದರೆ, ಮ್ಯಾನೇಜರುಗಳಿಗೆ ರಾಜಕೀಯದ ವಾಸನೆಯೂ ಬೇಡವಾಗಿತ್ತು. ನಡುವೆ ಸಿಕ್ಕಿ ಒದ್ದಾಡಿದ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಮಾರನೇ ದಿನವೇ ಹೆಂಡ್ರಿಕ್ಸ್‌ನ ಕಛೇರಿ ನ್ಯೂಆರ್ಕ್‌ನಲ್ಲಿತ್ತು, ಹಿಂದಿನ ವರ್ಷವಷ್ಟೇ ದಂಗೆಯಲ್ಲಿ ಉರಿದಿದ್ದ ನಗರ. ಅಂದು ಆತ ಕಿಂಗ್ ನೆನಪಿಗೆ ನುಡಿಸಿದ ಶೋಕದ ಆಲಾಪವನ್ನು ಕೇಳಿದವರು ಮರೆಯಲಿಲ್ಲ.

ವುಡ್‌ಸ್ಟಾಕ್ ಆದ ಮೇಲೆ ಟಿವಿ ಸಂದರ್ಶನವೊಂದರಲ್ಲಿ ರಾಷ್ಟ್ರಗೀತೆಯನ್ನು ಹಾಗೆ ವಿಚಿತ್ರವಾಗಿ ನುಡಿಸಬಹುದಾ ಅಂತ ಕೇಳಿದರು. ಅದರಲ್ಲಿ ವಿಚಿತ್ರ ಏನೂ ಇಲ್ಲ, ತನಗೆ ಅದು ಸುಂದರವಾಗಿಯೇ ಕಂಡಿತು ಅಂತ ಆತ ಶಾಂತವಾಗಿ ಹೇಳಿದ. ದೇಶದ್ರೋಹ ಅಂದವರಿಗೂ, ಇದು ಯುದ್ಧವಿರೋಧಿ ಘೋಷಣೆ ಅಂತ ಬಾಯಿಬಿಟ್ಟು ಹೇಳು ಅಂದವರಿಗೂ ಇದರಿಂದ ಸಮಾಧಾನ ಆಗಲಿಲ್ಲ. ಆತ ಗೀತೆಯನ್ನು ಬದಲಿಸಿರಲಿಲ್ಲ. ಗೀತೆಯೊಳಗೇ ಇರುವ ರಾಕೆಟ್ಟು, ಬಾಂಬುಗಳನ್ನು ಕೇಳುವ ಹಾಗೆ ಮಾಡಿದ್ದ. ಕಂಪಿಸುವ ಕಾಗದದ ಕೋನ್ ಇಲ್ಲದೆ ಅದು ಆಗುತ್ತಿರಲಿಲ್ಲ.

ಮೂರು ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ 5ರಂದು, ಹಾರ್ಲೆಮ್‌ನ ಬೀದಿಯಲ್ಲಿ ಅಲ್ಲಿನ ಜನರಿಗಾಗಿ ಉಚಿತವಾಗಿ ನುಡಿಸಿದ. ಕಪ್ಪು ಜನರ ನಡುವೆಯೇ ಅವನು ಪರಕೀಯನಂತೆ ನಿಲ್ಲಬೇಕಾಯಿತು. ಮೊದಮೊದಲು ಜನ ಅಸಮಾಧಾನ ತೋರಿಸಿದರು, ಆತ ನುಡಿಸುತ್ತಲೇ ಇದ್ದ.

1970ರ ಹೊಸವರ್ಷದ ಹೊತ್ತಿಗೆ ಬಿಲ್ಲಿ ಕಾಕ್ಸ್, ಬಡ್ಡಿ ಮೈಲ್ಸ್ ಜೊತೆ ‘ಬ್ಯಾಂಡ್ ಆಫ್ ಜಿಪ್ಸೀಸ್’ ಕಟ್ಟಿದ. ಮೂವರೂ ಕಪ್ಪು ಕಲಾವಿದರು. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿದ ‘ಮಷಿನ್ ಗನ್’ 12 ನಿಮಿಷಕ್ಕೂ ಹೆಚ್ಚು ಉದ್ದ. ಅದನ್ನು ಅಮೆರಿಕದ ನಗರಗಳಲ್ಲಿ ಹೋರಾಡುತ್ತಿದ್ದವರಿಗೂ ವಿಯೆಟ್ನಾಂನಲ್ಲಿ ಹೋರಾಡುತ್ತಿದ್ದ ಸೈನಿಕರಿಗೂ ಒಟ್ಟಿಗೇ ಅರ್ಪಿಸಿದ. ಎರಡೂ ಕಡೆ ಸಾಯುತ್ತಿದ್ದವರು ಬಡವರ, ಕಪ್ಪು ಜನರ ಮಕ್ಕಳು ಅನ್ನೋದು ಅವನಿಗೆ ಗೊತ್ತಿತ್ತು. ಅದರಲ್ಲಿನ ಒಂದು ಸ್ವರ ಎದ್ದು ನಿಂತು ಇಳಿಯುವುದೇ ಇಲ್ಲ. ಆಂಪ್, ಸ್ಪೀಕರ್, ತಂತಿ ಮೂರೂ ಒಂದನ್ನೊಂದು ಹಿಡಿದುಕೊಂಡು ನಿಂತ ಗಳಿಗೆ ಅದು. ಮೂರು ವರ್ಷದ ಹಿಂದೆ ಯುದ್ಧವನ್ನು ಸಮರ್ಥಿಸಿದ್ದವನು ಇಷ್ಟು ದೂರ ಬಂದಿದ್ದ.

ಒಂದು ಡಾಲರಿನ ಸಹಿ

ಇಷ್ಟೆಲ್ಲಾ ಸದ್ದು ಮಾಡಿದವನ ಕೈಗೆ ಆ ಸದ್ದಿನ ಒಡೆತನ ಬರಲಿಲ್ಲ. 1965ರಲ್ಲಿ, ಲಂಡನ್ನಿಗೆ ಹೋಗುವ ಮೊದಲು, ನ್ಯೂಯಾರ್ಕಿನ ನಿರ್ಮಾಪಕ ಎಡ್ ಚಾಲ್ಪಿನ್ ಜೊತೆ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದ. ಕೈಗೆ ಸಿಕ್ಕಿದ್ದು ಒಂದು ಡಾಲರ್, ಮೇಲೆ ಶೇ 1ರ ರಾಯಧನ. ಹೆಸರು ಬಂದ ಮೇಲೆ ಆ ಕಾಗದ ಕೋರ್ಟಿನ ರೂಪದಲ್ಲಿ ಬಂತು. ವ್ಯಾಜ್ಯ ಬಗೆಹರಿಸಲು ಒಂದು ಇಡೀ ಆಲ್ಬಮ್ ಬಿಟ್ಟುಕೊಡಬೇಕಾಯಿತು. ಹಾಗೆ ಬಿಟ್ಟುಕೊಟ್ಟದ್ದು ಯಾವುದು ಗೊತ್ತಾ? ‘ಮಷಿನ್ ಗನ್’ ಇರುವ ಅದೇ ಬ್ಯಾಂಡ್ ಆಫ್ ಜಿಪ್ಸೀಸ್ ಆಲ್ಬಮ್.

ತನ್ನ ಸದ್ದಿಗೆ ತನ್ನದೇ ಮನೆ ಬೇಕು ಅಂತ ಗ್ರೀನ್‌ವಿಚ್ ವಿಲೇಜ್‌ನಲ್ಲಿ ‘ಎಲೆಕ್ಟ್ರಿಕ್ ಲೇಡಿ’ ಸ್ಟುಡಿಯೋ ಕಟ್ಟಿಸಿದ. 1970ರ ಆಗಸ್ಟ್ 26ಕ್ಕೆ ಅದರ ಉದ್ಘಾಟನೆ. ಅದಾದ ಕೂಡಲೇ ಇಂಗ್ಲೆಂಡಿನ ಐಲ್ ಆಫ್ ವೈಟ್ ಹಬ್ಬಕ್ಕೆ ಹೋದ. ಲಕ್ಷಾಂತರ ಜನ, ನಡುರಾತ್ರಿ ಕಳೆದ ಮೇಲಿನ ಕಾರ್ಯಕ್ರಮ. ನುಡಿಸುತ್ತಿರುವಾಗ ಅವನ ಆಂಪುಗಳೊಳಗಿಂದ ಭದ್ರತಾ ಸಿಬ್ಬಂದಿಯ ವಾಕಿಟಾಕಿ ಮಾತುಗಳು ಕೇಳಿಸತೊಡಗಿದವು. ಅಷ್ಟು ಹಿಗ್ಗಿಸಿಟ್ಟ ಆಂಪಿಗೆ ಉದ್ದನೆಯ ಕೇಬಲ್ಲೇ ಆಂಟೆನಾ ಆಗಿಬಿಡುತ್ತೆ. ದೇಶದ ಗದ್ದಲವನ್ನು ಸ್ಪೀಕರಿಗೆ ತಂದವನ ಸ್ಪೀಕರಿಗೆ ಈಗ ಕಾವಲುಗಾರರೇ ನುಗ್ಗಿದ್ದರು.

ಸೆಪ್ಟೆಂಬರ್ 6ರಂದು ಜರ್ಮನಿಯ ಫೆಮಾರ್ನ್ ದ್ವೀಪದಲ್ಲಿ ಕೊನೆಯ ಕಛೇರಿ. ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ನಿದ್ದೆಮಾತ್ರೆಗಳ ಪರಿಣಾಮವಾಗಿ ಸಾವು. ವಯಸ್ಸು 27. ತಾನು ಕಟ್ಟಿಸಿದ ಸ್ಟುಡಿಯೋದ ಬಾಗಿಲು ತೆರೆದು ನಾಲ್ಕು ವಾರವೂ ಆಗಿರಲಿಲ್ಲ. ಉಯಿಲು ಬರೆದಿರಲಿಲ್ಲ. ಅವನ ಸಂಗೀತದ ಹಕ್ಕುಗಳು ಅಪ್ಪ ಆಲ್ ಕೈಗೆ ಮರಳಿ ಬಂದದ್ದು 25 ವರ್ಷಗಳ ನಂತರ, 1995ರಲ್ಲಿ, ಅದೂ ಕೋರ್ಟ್ ಹೋರಾಟದ ಮೂಲಕ.

ಇವತ್ತು ಹೆಂಡ್ರಿಕ್ಸ್ ದನಿ ಒಂದು ಆ್ಯಪ್. ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಮಾರ್ಷಲ್ ಆಂಪ್, ಸೆಲೆಸ್ಟಿಯನ್ ಸ್ಪೀಕರ್, ಸುರುಳಿ ಕೇಬಲ್ ಎಲ್ಲವೂ ಹೆಡ್‌ಫೋನಿನಲ್ಲಿ ಬರುತ್ತವೆ. ಒಂದು ವಯರನ್ನೂ ಬೆಸೆಯಬೇಕಿಲ್ಲ, ಒಂದು ಕೋನೂ ಹರಿಯುವುದಿಲ್ಲ. ಒಳ್ಳೆಯದೇ, ಬಡ ಹುಡುಗನ ಕೈಗೂ ಆ ದನಿ ಸಿಗಲಿ. ಆದರೆ ಆ ದನಿ ಹುಟ್ಟಿದ್ದು ಹೇಗೆ ಅನ್ನೋದನ್ನು ಮರೆಯಬಾರದು. ದುಬಾರಿ ಯಂತ್ರ ಕೊಳ್ಳಲಾಗದವರು ಅಗ್ಗದ ಯಂತ್ರವನ್ನು ಅದರ ಮಿತಿಯಾಚೆ ದುಡಿಸಿದರು. ಬಲ್ಲವರು ದೋಷ ಅಂದದ್ದನ್ನು ಅವರು ಭಾಷೆ ಮಾಡಿಕೊಂಡರು. ಆ ಭಾಷೆಯಲ್ಲಿ, ಪೊರಕೆ ಹಿಡಿದು ಶುರುಮಾಡಿದ ಒಬ್ಬ ಹುಡುಗ, ತನ್ನ ದೇಶ ಕೇಳಲು ಒಪ್ಪದಿದ್ದ ಸದ್ದನ್ನು ಅದರ ರಾಷ್ಟ್ರಗೀತೆಯೊಳಗೇ ಕೇಳಿಸಿದ. ನಮ್ಮ ಸುತ್ತ ಯಾರದ್ದಾದರೂ ದನಿಯನ್ನು ಬರೀ ಗದ್ದಲ ಅಂತ ತಳ್ಳಿಹಾಕುವಾಗ ಆ ಸೋಮವಾರದ ಬೆಳಗ್ಗೆಯನ್ನು ಒಮ್ಮೆ ಹಾಕಿ ಕೇಳಿ. ಸಾಧ್ಯವಾದರೆ ಫೋನಿನಲ್ಲಿ ಬೇಡ, ದೊಡ್ಡ ಸ್ಪೀಕರಿನಲ್ಲಿ.